ಹೊರಗೆ ಉರ್ದು ಹಲಗೆ, ಒಳಗೆ ಕನ್ನಡ ಪಾಠ

ಬೀದರ್ ನಗರದ ರಂಗಮಂದಿರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ನಾಟಕ, ಹಾಡು, ಭಾಷಣ ಎಲ್ಲವೂ ಅಲ್ಲಿ ನಡೆಯುತ್ತವೆ. ಅದಕ್ಕೆ ಇಟ್ಟಿರುವ ಹೆಸರು ಡಾ. ಚನ್ನಬಸವ ಪಟ್ಟದ್ದೇವರು. ಅವರು ನಟರಲ್ಲ, ಹಾಡುಗಾರರೂ ಅಲ್ಲ. ಭಾಲ್ಕಿಯ ಹಿರೇಮಠದ ಸ್ವಾಮಿಗಳು. ಒಬ್ಬ ಸ್ವಾಮಿಗಳ ಬಗ್ಗೆ ವಿಜ್ಞಾನದ ಪುಟದಲ್ಲಿ ಏಕೆ ಬರೆಯಬೇಕು ಎಂದು ನಿಮಗೆ ಅನಿಸಬಹುದು. ಮಗುವಿನ ತಲೆಯೊಳಗೆ ಕಲಿಕೆ ಹೇಗೆ ನಡೆಯುತ್ತದೆ ಎಂಬುದೂ ವಿಜ್ಞಾನವೇ ಅಲ್ಲವೇ? ಆ ವಿಷಯವನ್ನು ತಿಳಿಯಲು ಪಟ್ಟದ್ದೇವರ ಬದುಕಿಗಿಂತ ಒಳ್ಳೆಯ ಉದಾಹರಣೆ ನಮ್ಮ ಜಿಲ್ಲೆಯಲ್ಲಿ ಸಿಗುವುದಿಲ್ಲ.

ಅವರು ಹುಟ್ಟಿದ್ದು 1890ರ ಡಿಸೆಂಬರ್ 22ರಂದು, ಕಮಲನಗರದಲ್ಲಿ. ಆ ಊರು ಬಹುಕಾಲ ಔರಾದ ತಾಲ್ಲೂಕಿನಲ್ಲಿತ್ತು, ಈಗ ಅದೇ ಒಂದು ತಾಲ್ಲೂಕು. ಕಮಲನಗರದಿಂದ ಸ್ವಲ್ಪ ದೂರ ಹೋದರೆ ಮಹಾರಾಷ್ಟ್ರ. ಇಲ್ಲಿನ ಸಂತೆಯಲ್ಲಿ ಈಗಲೂ ಕನ್ನಡ, ಮರಾಠಿ, ಉರ್ದು ಒಟ್ಟಿಗೇ ಕೇಳಿಸುತ್ತವೆ. ಮೆಣಸಿನಕಾಯಿ ಕೊಳ್ಳುವಾಗ ಒಂದು ಭಾಷೆ, ಚೌಕಾಸಿಗೆ ಇನ್ನೊಂದು ಭಾಷೆ! ಇಂತಹ ಊರಿನಲ್ಲಿ ಬೆಳೆದ ಹುಡುಗ ಮುಂದೆ ಭಾಲ್ಕಿ ಹಿರೇಮಠದ ಪಟ್ಟಕ್ಕೆ ಬಂದರು.

ಆಗ ಬೀದರ್ ಜಿಲ್ಲೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಿಜಾಮರು ಅದರ ದೊರೆಗಳು. 1884ರ ಸುಮಾರಿಗೆ ಅಲ್ಲಿ ಪಾರ್ಸಿ ಭಾಷೆಯ ಬದಲು ಉರ್ದು ಆಡಳಿತ ಭಾಷೆಯಾಯಿತು. ಕಚೇರಿ, ನ್ಯಾಯಾಲಯ, ಕಂದಾಯದ ಲೆಕ್ಕ ಎಲ್ಲವೂ ಉರ್ದುವಿನಲ್ಲಿ. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಆರಂಭವಾಯಿತು. ವೈದ್ಯಕೀಯವನ್ನೂ ವಿಜ್ಞಾನವನ್ನೂ ಅಲ್ಲಿ ಉರ್ದುವಿನಲ್ಲೇ ಕಲಿಸುತ್ತಿದ್ದರು. ಇಂಗ್ಲಿಷಿನ ಬದಲು ನಮ್ಮ ದೇಶದ ಭಾಷೆಯೊಂದರಲ್ಲಿ ಇಷ್ಟು ಎತ್ತರದ ಓದನ್ನು ಕಲಿಸಿದ್ದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಸಂಸ್ಥಾನದ ಬಹುಪಾಲು ಮಕ್ಕಳು ಮನೆಯಲ್ಲಿ ಮಾತನಾಡುತ್ತಿದ್ದದ್ದು ತೆಲುಗು, ಮರಾಠಿ ಅಥವಾ ಕನ್ನಡ. ಬೀದರ್, ಕಲಬುರಗಿ, ರಾಯಚೂರು ಭಾಗದಲ್ಲಿ ಕನ್ನಡ ಶಾಲೆಗಳು ತೀರ ವಿರಳ. ಖಾಸಗಿಯಾಗಿ ಶಾಲೆ ತೆರೆಯಬೇಕಾದರೂ ಸರ್ಕಾರದ ಅನುಮತಿ ಬೇಕಿತ್ತು.

ಇದರ ಫಲವೇನಾಯಿತು? 1951ರ ಜನಗಣತಿಯ ವೇಳೆಗೂ ಹೈದರಾಬಾದ್ ರಾಜ್ಯದ ನೂರು ಜನರಲ್ಲಿ ಹತ್ತು ಮಂದಿಗೂ ಓದು ಬರಹ ಬರುತ್ತಿರಲಿಲ್ಲ. ಇದಕ್ಕೆ ಬಡತನವೂ ಕಾರಣ, ಶಾಲೆಗಳ ಕೊರತೆಯೂ ಕಾರಣ. ಭಾಷೆ ಮತ್ತೊಂದು ಕಾರಣ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಕನ್ನಡ ಮನೆಯ ಒಂದು ಮಗು ಉರ್ದು ಶಾಲೆಗೆ ಹೋಯಿತು ಎಂದುಕೊಳ್ಳಿ. ಕನ್ನಡವನ್ನು ಎಡದಿಂದ ಬಲಕ್ಕೆ ಬರೆಯುತ್ತೇವೆ, ಉರ್ದುವನ್ನು ಬಲದಿಂದ ಎಡಕ್ಕೆ. ಅದು ಅಷ್ಟು ಕಷ್ಟವಲ್ಲ, ಕೆಲವು ದಿನಗಳಲ್ಲಿ ಅಭ್ಯಾಸವಾಗುತ್ತದೆ. ಉರ್ದುವಿನ ಒಂದೇ ಅಕ್ಷರ ಪದದ ಮೊದಲಲ್ಲಿ ಬಂದರೆ ಒಂದು ರೂಪ, ನಡುವೆ ಬಂದರೆ ಇನ್ನೊಂದು, ಕೊನೆಯಲ್ಲಿ ಮತ್ತೊಂದು. ಅದನ್ನೂ ಕಲಿಯಬಹುದು. ನಿಜವಾದ ತೊಡಕು ಬೇರೆ ಕಡೆ ಇದೆ. ಕನ್ನಡದಲ್ಲಿ ಕ, ಕಿ, ಕು ಎಂದು ಸ್ವರವನ್ನು ಅಕ್ಷರದಲ್ಲೇ ಬರೆಯುತ್ತೇವೆ. ಉರ್ದುವಿನಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಕಲ್ ಎಂದರೆ ನಾಳೆ ಅಥವಾ ನಿನ್ನೆ. ಕುಲ್ ಎಂದರೆ ಒಟ್ಟು. ಎರಡನ್ನೂ ಬರೆಯುವುದು ಒಂದೇ ರೀತಿ! ಉರ್ದು ಮಾತನಾಡುವ ಮನೆಯ ಮಗುವಿಗೆ ಇದರಿಂದ ತೊಂದರೆಯಿಲ್ಲ. ವಾಕ್ಯ ಓದುತ್ತಿದ್ದಂತೆ ಯಾವ ಪದ ಎಂದು ಅದಕ್ಕೆ ಹೊಳೆಯುತ್ತದೆ, ಏಕೆಂದರೆ ಪದ ಮೊದಲೇ ಕಿವಿಗೆ ಗೊತ್ತು. ಪದವೇ ಗೊತ್ತಿಲ್ಲದ ಮಗು ಏನು ಮಾಡಬೇಕು? ಊಹಿಸಲು ಅದರ ಬಳಿ ಏನೂ ಇಲ್ಲ. ಬಾಯಿಪಾಠ ಮಾಡುವುದೊಂದೇ ದಾರಿ.

ಇನ್ನೊಂದು ಮಾತು. ಉರ್ದುವಿನಲ್ಲಿ ಳ ಇಲ್ಲ. ಕಾಲು ನೋಯುತ್ತದೆ, ಕಾಳು ಬೇಯುತ್ತದೆ. ಈ ವ್ಯತ್ಯಾಸವನ್ನು ಆ ಲಿಪಿಯಲ್ಲಿ ತೋರಿಸುವುದು ಕಷ್ಟ. ಇದು ಉರ್ದುವಿನ ದೋಷವಲ್ಲ. ಕನ್ನಡ ಲಿಪಿಗೂ ಉರ್ದುವಿನ ಕೆಲವು ಧ್ವನಿಗಳನ್ನು ಬರೆಯಲು ಅಕ್ಷರದ ಕೆಳಗೆ ಚುಕ್ಕಿ ಇಡಬೇಕಾಗುತ್ತದೆ. ಒಂದೊಂದು ಲಿಪಿ ಒಂದೊಂದು ಬಾಯಿಗೆ ಹೊಂದಿಕೊಂಡಿರುತ್ತದೆ, ಅಷ್ಟೆ.

ಪಟ್ಟದ್ದೇವರು ಭಾಲ್ಕಿ, ಕಮಲನಗರ ಭಾಗದಲ್ಲಿ ಶಾಲೆ ತೆರೆದರು. ಬಾಗಿಲ ಮೇಲೆ ಉರ್ದು ಅಕ್ಷರಗಳ ಹಲಗೆ ತೂಗುಹಾಕಿದರು. ದಾರಿಯಲ್ಲಿ ಹೋಗುವ ಅಧಿಕಾರಿಗೆ ಅದು ಉರ್ದು ಶಾಲೆ. ಒಳಗೆ ಮಕ್ಕಳು ಅ, ಆ, ಇ, ಈ ತಿದ್ದುತ್ತಿದ್ದರು! ಈಗ ಕೇಳಿದರೆ ನಮಗೆ ನಗು ಬರುತ್ತದೆ. ಆಗ ಅದು ನಗುವ ವಿಷಯವಾಗಿರಲಿಲ್ಲ. ಗುಟ್ಟು ಹೊರಬಿದ್ದರೆ ಶಾಲೆ ಮುಚ್ಚಬೇಕಾಗುತ್ತಿತ್ತು, ನಡೆಸಿದವರು ಸರ್ಕಾರದ ಸಿಟ್ಟಿಗೆ ಗುರಿಯಾಗಬೇಕಿತ್ತು. ಸ್ವಾಮಿಗಳು ಮಠದಲ್ಲಿ ಪೂಜೆ ಮಾಡಿಕೊಂಡು ಸುಮ್ಮನಿದ್ದಿದ್ದರೆ ಅವರನ್ನು ಯಾರೂ ಕೇಳುತ್ತಿರಲಿಲ್ಲ.

ಅವರಿಗೆ ಕನ್ನಡದ ಮೇಲೆ ಅಷ್ಟು ಪ್ರೀತಿ ಏಕೆ? ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು, ಅಲ್ಲಮಪ್ರಭುಗಳು, ಅಕ್ಕಮಹಾದೇವಿ ಒಟ್ಟಾಗಿ ಕುಳಿತು ಚರ್ಚಿಸಿದ ಕಲ್ಯಾಣ ಇರುವುದು ನಮ್ಮ ಜಿಲ್ಲೆಯಲ್ಲೇ. ಸಂಸ್ಕೃತ ಬಾರದ ಕೂಲಿಕಾರರಿಗೂ ಕುಂಬಾರರಿಗೂ ತಿಳಿಯಲೆಂದು ಆ ಶರಣರು ಜನರ ಕನ್ನಡದಲ್ಲಿ ವಚನ ಹೇಳಿದರು. ಅದೇ ನೆಲದ ಮಕ್ಕಳಿಗೆ ವಚನ ಓದಲು ಬಾರದೆ ಹೋದರೆ? ಪಟ್ಟದ್ದೇವರನ್ನು ಕಾಡಿದ್ದು ಈ ಚಿಂತೆ.

ಶಾಲೆಗೆ ಹಲಗೆ ಹಾಕಿದರೆ ಸಾಕೇ? ದೂರದ ಹಳ್ಳಿಯ ಮಕ್ಕಳು ಉಳಿಯಲು ಜಾಗ ಬೇಕು, ಹೊಟ್ಟೆಗೆ ಅನ್ನ ಬೇಕು. ಪಟ್ಟದ್ದೇವರು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿದರು. ಜನರು ಕೊಟ್ಟ ಕಾಳುಕಡಿ, ದುಡ್ಡು ಮಕ್ಕಳ ಊಟಕ್ಕೆ, ಓದಿಗೆ ಹೋಯಿತು. ಜಾತಿ ನೋಡಿ ಯಾರನ್ನೂ ದೂರ ಇಡಲಿಲ್ಲ. ಹಸಿದ ಮಗುವಿಗೆ ಪಾಠ ತಲೆಗೆ ಹತ್ತುವುದಿಲ್ಲ ಎಂಬುದು ಇಂದಿನ ಬಿಸಿಯೂಟದ ಕಾಲದಲ್ಲಿ ಎಲ್ಲರಿಗೂ ಗೊತ್ತು. ನಮ್ಮ ದೇಹದ ತೂಕದಲ್ಲಿ ಮಿದುಳಿನ ಪಾಲು ನೂರರಲ್ಲಿ ಸುಮಾರು ಎರಡು. ಆದರೆ ಸುಮ್ಮನೆ ಕುಳಿತಾಗ ದೊಡ್ಡವರ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಭಾಗ ಅದಕ್ಕೇ ಬೇಕು. ಬೆಳೆಯುವ ಮಕ್ಕಳಲ್ಲಿ ಈ ಪಾಲು ಇನ್ನೂ ಹೆಚ್ಚು. ಸ್ವಾಮಿಗಳು ಈ ಲೆಕ್ಕ ಹಾಕಿರಲಿಕ್ಕಿಲ್ಲ. ಜೋಳಿಗೆಯಂತೂ ಹಿಡಿದರು.

ಇನ್ನು ವಿಜ್ಞಾನಿಗಳು ಏನು ಕಂಡುಕೊಂಡರು ನೋಡೋಣ. ಹುಟ್ಟುವ ಮೊದಲೇ, ಗರ್ಭದ ಕೊನೆಯ ತಿಂಗಳುಗಳಲ್ಲಿ, ಮಗು ತಾಯಿಯ ದನಿಯನ್ನು ಕೇಳಿಸಿಕೊಳ್ಳುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಆ ದನಿಯನ್ನು ಬೇರೆಯವರ ದನಿಯಿಂದ ಗುರುತಿಸುತ್ತದೆ. 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಒಂದು ಸೊಗಸಾದ ಪ್ರಯೋಗವನ್ನು ಪ್ರಕಟಿಸಿದರು. ಅವರು ಬಳಸಿದ್ದು ನಮಗೆ ತೀರ ಪರಿಚಿತವಾದ ಧ್ವನಿಗಳನ್ನು! ಹಿಂದಿಯ ತ ಮತ್ತು ಟ. ಇಂಗ್ಲಿಷ್ ಮನೆಯ ದೊಡ್ಡವರಿಗೆ ಇವೆರಡೂ ಒಂದೇ ರೀತಿ ಕೇಳಿಸುತ್ತವೆ. ಆದರೆ ಅದೇ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳು ವ್ಯತ್ಯಾಸವನ್ನು ಗುರುತಿಸಿದವು. ಕೂಸು ಮಾತನಾಡುವುದಿಲ್ಲವಲ್ಲ, ತಿಳಿಯುವುದು ಹೇಗೆ? ಧ್ವನಿ ಬದಲಾದಾಗ ಕತ್ತು ತಿರುಗಿಸಿದರೆ ಗೊಂಬೆ ಕಾಣುವಂತೆ ಮಾಡಿದ್ದರು. ವ್ಯತ್ಯಾಸ ಗೊತ್ತಾದ ಕೂಸು ಗೊಂಬೆಗಾಗಿ ತಿರುಗುತ್ತಿತ್ತು. ಹತ್ತರಿಂದ ಹನ್ನೆರಡು ತಿಂಗಳಾದ ಕೂಸುಗಳಲ್ಲಿ ಹೆಚ್ಚಿನವು ತಿರುಗಲಿಲ್ಲ. ಮೊದಲ ಹುಟ್ಟುಹಬ್ಬಕ್ಕೆ ಮುಂಚೆಯೇ ಮಗುವಿನ ಕಿವಿ ಮನೆಯ ಭಾಷೆಗೆ ಶ್ರುತಿ ಮಾಡಿಕೊಂಡಿರುತ್ತದೆ. ತಂಬೂರಿಯ ತಂತಿಯನ್ನು ಬಿಗಿ ಮಾಡಿದ ಹಾಗೆ.

ಶಾಲೆಗೆ ಬರುವ ಹೊತ್ತಿಗೆ ಮಗುವಿಗೆ ಸಾವಿರಾರು ಪದಗಳು ಗೊತ್ತು. ಓದು ಎಂದರೆ ಗೊತ್ತಿರುವ ಆ ಪದಗಳಿಗೆ ಅಕ್ಷರದ ಅಂಗಿ ತೊಡಿಸುವುದು. ಪದವೂ ಹೊಸತು, ಅಕ್ಷರವೂ ಹೊಸತು, ವಿಷಯವೂ ಹೊಸತು ಎಂದಾದರೆ ಮೂರು ಹೊರೆ ಒಟ್ಟಿಗೇ ಬೀಳುತ್ತವೆ. ನಾವು ಒಂದು ಕ್ಷಣದಲ್ಲಿ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಸಂಗತಿಗಳು ಬಹಳ ಕಡಿಮೆ. ಇದನ್ನು ನೀವೇ ಪರೀಕ್ಷಿಸಬಹುದು.

ಮಾಡಿ ನೋಡಿ

ಗೆಳೆಯನಿಗೆ ಈ ಎಂಟು ಪದಗಳನ್ನು ನಿಧಾನವಾಗಿ ಒಮ್ಮೆ ಓದಿ ಹೇಳಿ: ಎತ್ತು, ಬುಟ್ಟಿ, ಮಳೆ, ರೊಟ್ಟಿ, ಕುಡುಗೋಲು, ಬಾವಿ, ಚಪ್ಪಲಿ, ಬೇವು. ಎಷ್ಟು ನೆನಪಿದೆ ಎಂದು ಕೇಳಿ ಬರೆದುಕೊಳ್ಳಿ. ಸ್ವಲ್ಪ ಹೊತ್ತು ಬಿಟ್ಟು ಇವನ್ನು ಓದಿ: ನೊಪ್ಪೆ, ಗಿಳಬ, ಟಮು, ಜುರಟ್ಟಿ, ಫೆಣೊ, ದಂಕೀಲು, ವೊಚ್ಚ, ಶಿಮರು. ಇವಕ್ಕೆ ಅರ್ಥವಿಲ್ಲ, ನಾವೇ ಕಟ್ಟಿದ್ದು. ಈಗ ಎಷ್ಟು ನೆನಪಿದೆ? ಐದಾರು ಗೆಳೆಯರಿಗೆ ಮಾಡಿ, ಎರಡು ಲೆಕ್ಕಗಳನ್ನೂ ಪಕ್ಕಪಕ್ಕ ಬರೆಯಿರಿ. ಅರ್ಥವಾಗದ ಭಾಷೆಯ ತರಗತಿಯಲ್ಲಿ ಕುಳಿತ ಮಗುವಿಗೆ ದಿನವೆಲ್ಲ ಎರಡನೆಯ ಪಟ್ಟಿಯೇ.

ಪಟ್ಟದ್ದೇವರು ಶಾಲೆ ನಡೆಸುತ್ತಿದ್ದ ಆ ಕಾಲದಲ್ಲೇ ಬೇರೆಡೆಯೂ ಇದೇ ಯೋಚನೆ ನಡೆದಿತ್ತು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕರೆದ ಶಿಕ್ಷಣ ಸಮ್ಮೇಳನ, ಏಳು ವರ್ಷದ ಶಿಕ್ಷಣ ತಾಯಿನುಡಿಯಲ್ಲಿ ನಡೆಯಬೇಕೆಂದು ಹೇಳಿತು. ಇಟಲಿಯ ಮಾರಿಯಾ ಮಾಂಟೆಸ್ಸೊರಿ 1939ರಲ್ಲಿ ಮದ್ರಾಸಿಗೆ ಬಂದು, ಮಗು ಕೈಯಿಂದ ಮುಟ್ಟಿ ಕಲಿಯುವ ಬಗೆಯನ್ನು ಶಿಕ್ಷಕರಿಗೆ ತೋರಿಸಿದರು. 1953ರಲ್ಲಿ ಯುನೆಸ್ಕೊ ಸಂಸ್ಥೆಯೂ ತಾಯಿನುಡಿಯ ಕಲಿಕೆಯ ಪರವಾಗಿ ವರದಿ ಹೊರತಂದಿತು. ಭಾಲ್ಕಿಯ ಉರ್ದು ಹಲಗೆ ಆ ವರದಿಗಿಂತ ಹಳೆಯದು.

1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು. ನಿಮ್ಮ ಶಾಲೆಯಲ್ಲಿ ಪ್ರತಿವರ್ಷ ಆ ದಿನ ಧ್ವಜ ಹಾರಿಸುವುದು ಇದಕ್ಕಾಗಿಯೇ. ಹಲಗೆಯ ಮರೆ ಇನ್ನು ಬೇಕಾಗಲಿಲ್ಲ. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯ ಕೆಲವು ತಾಲ್ಲೂಕುಗಳು ನೆರೆಯ ರಾಜ್ಯಗಳಿಗೆ ಹೋದವು. ಬೀದರ್, ಭಾಲ್ಕಿ, ಔರಾದ, ಹುಮನಾಬಾದ್ ಭಾಗಗಳು ಮೈಸೂರು ರಾಜ್ಯಕ್ಕೆ, ಎಂದರೆ ಇಂದಿನ ಕರ್ನಾಟಕಕ್ಕೆ, ಸೇರಿದವು. ಗಡಿ ಗೆರೆ ಎಳೆಯುವಾಗ ಭಾಲ್ಕಿ, ಔರಾದಗಳು ಕನ್ನಡದ ಕಡೆ ಉಳಿದುದರಲ್ಲಿ ಪಟ್ಟದ್ದೇವರಂಥವರ ಶಾಲೆಗಳ ಪಾಲೂ ಇದೆ ಎಂದು ಈ ಭಾಗದ ಹಿರಿಯರು ನಂಬುತ್ತಾರೆ. ನನಗೂ ಅದು ಸರಿಯೆನಿಸುತ್ತದೆ.

ಮುಂದೆ ಅವರು ಬಸವಕಲ್ಯಾಣದಲ್ಲಿ ಅನುಭವ ಮಂಟಪವನ್ನು ಕಟ್ಟಿಸಿದರು. ಅದಕ್ಕೂ ಜೋಳಿಗೆಯೇ ಆಧಾರ. ಗೌರವ ಡಾಕ್ಟರೇಟ್ ಪದವಿಯೂ ಬಂದಿತು. ನೂರು ವರ್ಷ ದಾಟಿ ಬದುಕಿದ ಅವರು 1999ರ ಏಪ್ರಿಲ್ 22ರಂದು ತೀರಿಕೊಂಡರು. ಭಾಲ್ಕಿಯ ಮಠ ಅನಾಥ ಮಕ್ಕಳನ್ನು ಸಾಕಿ ಓದಿಸುವ ಕೆಲಸವನ್ನು ಮುಂದುವರಿಸಿತು. ಭಾಲ್ಕಿ ಹತ್ತಿರದ ಕರಡ್ಯಾಳದಲ್ಲಿ ಚನ್ನಬಸವೇಶ್ವರ ಗುರುಕುಲ ಇದೆ.

ಆದರೆ ಕಥೆಗೆ ಇನ್ನೊಂದು ತಿರುವು ಇದೆ. ಇಂದು ಔರಾದ ತಾಲ್ಲೂಕಿನ ತಾಂಡಾ ಒಂದರಿಂದ ಲಂಬಾಣಿ ಮಾತನಾಡುವ ಮಗು ಕನ್ನಡ ಶಾಲೆಗೆ ಬರುತ್ತದೆ. ಗಡಿಯ ಹಳ್ಳಿಯಿಂದ ಮರಾಠಿ ಮಾತನಾಡುವ ಮಗು ಬರುತ್ತದೆ. ಆ ಮಗುವಿಗೆ ಕನ್ನಡದ ಹಲಗೆಯೇ ಪರಭಾಷೆಯ ಹಲಗೆ! 2009ರ ಶಿಕ್ಷಣ ಹಕ್ಕು ಕಾಯ್ದೆ, ಸಾಧ್ಯವಾದ ಮಟ್ಟಿಗೆ ಮಗುವಿಗೆ ತಾಯಿನುಡಿಯಲ್ಲೇ ಕಲಿಸಬೇಕು ಎನ್ನುತ್ತದೆ. ಒಂದೇ ಕೋಣೆಯಲ್ಲಿ ನಾಲ್ಕು ತಾಯಿನುಡಿಗಳಿದ್ದರೆ ಶಿಕ್ಷಕಿ ಏನು ಮಾಡಬೇಕು? ಶಿಕ್ಷಕರಾಗಲು ಓದುತ್ತಿರುವ ನಿಮ್ಮ ಅಕ್ಕ ಅಣ್ಣಂದಿರು ತಲೆ ಕೆಡಿಸಿಕೊಳ್ಳುವ ಪ್ರಶ್ನೆ ಇದು. ಒಂದು ದಾರಿ ಹೀಗಿದೆ: ಮೊದಲ ತಿಂಗಳುಗಳಲ್ಲಿ ಮಕ್ಕಳ ಮನೆಯ ಪದಗಳನ್ನು ತರಗತಿಯೊಳಗೆ ಬರಲು ಬಿಡುವುದು, ಆ ಪದಗಳ ಪಕ್ಕದಲ್ಲೇ ಕನ್ನಡ ಪದವನ್ನು ಕೂರಿಸುವುದು. ನೀರಿಗೆ ಮರಾಠಿಯಲ್ಲಿ ಪಾಣಿ, ಉರ್ದುವಿನಲ್ಲಿ ಪಾನಿ, ತೆಲುಗಿನಲ್ಲಿ ನೀಳ್ಳು. ಜೋಳದ ರೊಟ್ಟಿಗೆ ಮರಾಠಿಯಲ್ಲಿ ಭಾಕರಿ, ಲಂಬಾಣಿಯಲ್ಲಿ ಬಾಟಿ.

ನಿಮ್ಮ ತರಗತಿಯಲ್ಲಿ ಎಷ್ಟು ಮನೆಮಾತುಗಳಿವೆ ಎಂದು ಎಣಿಸಿದ್ದೀರಾ? ನಾಳೆ ಒಂದು ದೊಡ್ಡ ಹಾಳೆಯಲ್ಲಿ ಸೂರ್ಯ, ಎಮ್ಮೆ, ಅಜ್ಜಿ, ಉಪ್ಪು ಎಂಬ ನಾಲ್ಕು ಪದಗಳನ್ನು ಬರೆದು, ಪ್ರತಿ ಗೆಳೆಯನ ಮನೆಯಲ್ಲಿ ಅವಕ್ಕೆ ಏನೆನ್ನುತ್ತಾರೆ ಎಂದು ಕೇಳಿ ತುಂಬಿಸಿರಿ. ಹಾಳೆಯನ್ನು ತರಗತಿಯ ಬಾಗಿಲಿಗೆ ಅಂಟಿಸಿ. ಈಗ ಅದನ್ನು ಹೊರಗಡೆಗೇ ಅಂಟಿಸಬಹುದು.