ಬಾಟಲಿ ನಂಬರ್ 53-ಎನ್

ಲ್ಯಾಬ್‌ನಲ್ಲಿ ಸುಟ್ಟ ವಾಸನೆ ಬಂತು ಅಂದ್ರೆ ಸಾಕು, ನಮ್ಮೆಲ್ಲರ ಬಾಯಲ್ಲಿ ಬರೋ ಮೊದಲ ಪ್ರಶ್ನೆ ಯಾರು ಮಾಡಿದ್ದು ಅಂತ. ಹೇಗಾಯ್ತು ಅನ್ನೋದು ಆಮೇಲೆ. ಎಷ್ಟೋ ಸಲ ಅದನ್ನ ಕೇಳೋದೇ ಇಲ್ಲ. ಈ ಎರಡು ಪ್ರಶ್ನೆಗಳ ನಡುವೆ ಸಿಕ್ಕಿಹಾಕಿಕೊಂಡು ಐದು ವರ್ಷ ಒದ್ದಾಡಿದ ಒಬ್ಬ ವಿಜ್ಞಾನಿಯ ಕಥೆ ಈ ಸಲ ಹೇಳುತ್ತೇವೆ. ಅವರು ವಾಲ್ಡೆಮಾರ್ ಹ್ಯಾಫ್ಕಿನ್.

ಹುಟ್ಟಿದ್ದು 1860ರಲ್ಲಿ, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ಒಡೆಸ್ಸಾದ ಯಹೂದಿ ಮನೆತನದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮೆಚ್ನಿಕೊವ್ ಅವರ ಶಿಷ್ಯ. ದೇಶ ಬಿಟ್ಟು ಮೊದಲು ಜಿನೀವಾಕ್ಕೆ, ಅಲ್ಲಿಂದ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಹೋದಾಗ ಸಿಕ್ಕಿದ್ದು ಲೈಬ್ರರಿಯ ಕೆಲಸ. ಪುಸ್ತಕ ಜೋಡಿಸುತ್ತಲೇ ಪ್ರಯೋಗಾಲಯದಲ್ಲಿ ಕಾಲರಾ ಲಸಿಕೆ ತಯಾರಿಸಿದರು. 1892ರ ಜುಲೈನಲ್ಲಿ ಅದನ್ನು ಮೊದಲು ಚುಚ್ಚಿಕೊಂಡದ್ದು ತಮ್ಮ ಮೈಗೇ.

1893ರಲ್ಲಿ ಭಾರತಕ್ಕೆ ಬಂದರು. ಕಲ್ಕತ್ತದ ಬಸ್ತಿಗಳಲ್ಲಿ ಓಡಾಡಿ ಲಸಿಕೆ ಹಾಕಿದರು. ಆದರೆ ಹಾಕಿ ಮುಂದೆ ಹೋಗಿಬಿಡಲಿಲ್ಲ. ಒಂದೇ ಜಾಗದಲ್ಲಿ, ಒಂದೇ ನೀರು ಕುಡಿಯುವವರಲ್ಲಿ ಲಸಿಕೆ ಹಾಕಿಸಿಕೊಂಡವರು ಎಷ್ಟು, ಹಾಕಿಸಿಕೊಳ್ಳದವರು ಎಷ್ಟು, ಯಾರಿಗೆ ಕಾಲರಾ ಬಂತು ಅಂತ ಲೆಕ್ಕ ಇಟ್ಟರು. ನಾವೀಗ ಕಂಟ್ರೋಲ್ ಗ್ರೂಪ್ ಅಂತೀವಲ್ಲ, ಅದೇ ಕೆಲಸ.

1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಹ್ಯಾಫ್ಕಿನ್‌ರಿಗೆ ಕೊಟ್ಟದ್ದು ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಚಿಕ್ಕ ಜಾಗ, ಬೆರಳೆಣಿಕೆಯ ಸಹಾಯಕರು. ಸುಮಾರು ಮೂರು ತಿಂಗಳಲ್ಲಿ ಲಸಿಕೆ ತಯಾರಾಯಿತು. 1897ರ ಜನವರಿ 10ರಂದು ಮತ್ತೆ ತಮಗೇ ಚುಚ್ಚಿಕೊಂಡರು. ಜ್ವರ ಬಂತು, ಇಳಿಯಿತು. ಆಮೇಲೆ ಬೈಕಲಾ ಜೈಲಿನಲ್ಲಿ, ಮುಂದೆ ಬಂದ ಕೈದಿಗಳಿಗೆ ಹಾಕಿ ಉಳಿದವರ ಜೊತೆ ಹೋಲಿಸಿ ನೋಡಿದರು. 1898ರಲ್ಲಿ ಪ್ಲೇಗ್ ನಮ್ಮ ಹುಬ್ಬಳ್ಳಿಗೂ ಬಂದಾಗ ಸಾವಿರಾರು ಜನ ಹಾಕಿಸಿಕೊಂಡದ್ದು ಇದೇ ಲಸಿಕೆ.

ಬೇಡಿಕೆ ಏರುತ್ತಾ ಹೋಯಿತು. ಪ್ರಯೋಗಾಲಯ ಪರೇಲ್‌ನ ಹಳೇ ಗವರ್ನಮೆಂಟ್ ಹೌಸ್‌ಗೆ ಹೋಯಿತು. ಬೇಗ ಬೇಗ ತಯಾರಿಸಬೇಕಿತ್ತು. ಅದಕ್ಕಾಗಿ ಲಸಿಕೆಗೆ ಕಾರ್ಬಾಲಿಕ್ ಆಮ್ಲ ಸೇರಿಸುವ ಹಂತ ಕೈಬಿಟ್ಟು, ಶಾಖದಿಂದ ಮಾತ್ರ ಕ್ರಿಮಿಶುದ್ಧಿ ಮಾಡುವ ವಿಧಾನಕ್ಕೆ ಬಂದರು. ಈ ಬದಲಾವಣೆಯೇ ಮುಂದೆ ಅವರ ಕೊರಳಿಗೆ ಸುತ್ತಿಕೊಂಡಿತು.

1902ರ ಅಕ್ಟೋಬರ್ 30. ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿ, ಈಗ ಪಾಕಿಸ್ತಾನದಲ್ಲಿದೆ. ಆ ದಿನ 107 ಜನಕ್ಕೆ ಐದು ಬಾಟಲಿಗಳಿಂದ ಲಸಿಕೆ ಹಾಕಿದರು. ಸುಮಾರು ಒಂದು ವಾರದ ನಂತರ 19 ಜನಕ್ಕೆ ಧನುರ್ವಾಯು ಶುರುವಾಯಿತು. ಹತ್ತೊಂಬತ್ತು ಮಂದಿಯೂ ತೀರಿಕೊಂಡರು. ದಾಖಲೆ ತೆಗೆದು ನೋಡಿದರೆ ಅಷ್ಟೂ ಜನಕ್ಕೆ ಲಸಿಕೆ ಹೋಗಿದ್ದು ಒಂದೇ ಬಾಟಲಿಯಿಂದ. ಅದರ ನಂಬರ್ 53-ಎನ್. ಉಳಿದ ನಾಲ್ಕು ಬಾಟಲಿಗಳವರಿಗೆ ಏನೂ ಆಗಿರಲಿಲ್ಲ.

ಸರ್ಕಾರ ತನಿಖಾ ಆಯೋಗ ನೇಮಿಸಿತು. ಬಾಟಲಿ ತೆರೆಯುವ ಮೊದಲೇ, ಅಂದರೆ ಪ್ರಯೋಗಾಲಯದಲ್ಲೇ ಕಲುಷಿತವಾಗಿತ್ತು ಅನ್ನೋದು ಅದರ ತೀರ್ಮಾನ. ಕಾರ್ಬಾಲಿಕ್ ಕೈಬಿಟ್ಟವರು ಯಾರು? ಹ್ಯಾಫ್ಕಿನ್. ಅಲ್ಲಿಗೆ ಯಾರು ಅನ್ನೋ ಪ್ರಶ್ನೆಗೆ ಉತ್ತರ ಸಿಕ್ಕಿಬಿಟ್ಟಿತು. ಅವರನ್ನು ಹುದ್ದೆಯಿಂದ ಇಳಿಸಿದರು. 1904ರಲ್ಲಿ ಅವರು ಭಾರತ ಬಿಟ್ಟು ಹೋದರು.

ಆದರೆ ಹೇಗೆ ಅನ್ನೋ ಪ್ರಶ್ನೆ ಹಾಗೇ ಉಳಿದಿತ್ತು. ತನಿಖೆಯ ಕಾಗದಪತ್ರಗಳಲ್ಲೇ ಒಂದು ಸಣ್ಣ ವಿವರ ಇತ್ತು: ಆ ಬಾಟಲಿಯ ಬಿರಡೆ ತೆಗೆಯುವ ಚಿಮಟ ನೆಲಕ್ಕೆ ಬಿದ್ದಿತ್ತು. ಸರಿಯಾಗಿ ಶುದ್ಧ ಮಾಡದೆ, ಬರೀ ಕಾರ್ಬಾಲಿಕ್ ದ್ರಾವಣದಲ್ಲಿ ಆಡಿಸಿ ಮತ್ತೆ ಬಳಸಿದ್ದರು. ಧನುರ್ವಾಯುವಿನ ರೋಗಾಣು ಇರೋದೇ ಮಣ್ಣಿನಲ್ಲಿ, ಅದರ ಬೀಜಕಣಗಳು ಇಂಥ ಅರೆಗಳಿಗೆಯ ಸ್ನಾನಕ್ಕೆ ಸಾಯುವುದಿಲ್ಲ.

ಇನ್ನೊಂದು ಸುಳಿವು ಸಮಯದ್ದು. ಬಾಟಲಿ ತುಂಬಿ 41 ದಿನ ಆಗಿತ್ತು. ಅಷ್ಟು ದಿನ ರೋಗಾಣು ಒಳಗೇ ಬೆಳೆದಿದ್ದರೆ ದ್ರವ ಕೆಟ್ಟ ವಾಸನೆ ಹೊಡೆಯಬೇಕಿತ್ತು, ತೆರೆದವರಿಗೆ ಅಂಥ ವಾಸನೆ ಬಂದಿರಲಿಲ್ಲ. ವಿಷವೂ ಆಗಲೇ ತಯಾರಾಗಿರುತ್ತಿತ್ತು, ಜನ ಇನ್ನೂ ಬೇಗ ಕಾಯಿಲೆ ಬೀಳುತ್ತಿದ್ದರು. ಒಂದು ವಾರ ಹಿಡಿಯಿತು ಅಂದರೆ ರೋಗಾಣು ಆ ದಿನವೇ, ಆ ಹಳ್ಳಿಯಲ್ಲೇ ಒಳಗೆ ಹೊಕ್ಕಿರಬೇಕು.

ಮಲೇರಿಯಾ ಸೊಳ್ಳೆಯ ರೊನಾಲ್ಡ್ ರಾಸ್ ಸೇರಿದಂತೆ ಹತ್ತು ವಿಜ್ಞಾನಿಗಳು 1907ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದು ಹ್ಯಾಫ್ಕಿನ್ ಪರ ನಿಂತರು. ಅದೇ ವರ್ಷ ಕಳಂಕ ತೊಳೆಯಿತು. ಕಲ್ಕತ್ತಕ್ಕೆ ವಾಪಸ್ ಬಂದರು, ಆದರೆ ಪರೇಲ್‌ನ ಹಳೇ ಹುದ್ದೆ ಸಿಗಲಿಲ್ಲ, ಮೊದಲಿನ ಹುರುಪಿನ ಕೆಲಸವೂ ಆಗಲಿಲ್ಲ. 1925ರಲ್ಲಿ ಪರೇಲ್ ಪ್ರಯೋಗಾಲಯಕ್ಕೆ ಅವರ ಹೆಸರಿಟ್ಟರು. ಇವತ್ತಿಗೂ ಅದು ಹ್ಯಾಫ್ಕಿನ್ ಸಂಸ್ಥೆ. 1930ರ ಅಕ್ಟೋಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡರು.

ಈ ಕಥೆ ಓದಿದಾಗ ನಮಗೆ ಅನ್ನಿಸಿದ್ದು ಇಷ್ಟು. ಬಾಟಲಿಗೆ ನಂಬರ್ ಇಲ್ಲದಿದ್ದರೆ, ಯಾರಿಗೆ ಯಾವ ಬಾಟಲಿ ಅಂತ ಬರೆದಿಡದಿದ್ದರೆ, ಆ ಲಸಿಕೆಯೇ ವಿಷ ಅಂತ ಊರೂರು ಹೆದರಿ, ಪ್ಲೇಗಿಗೆ ಇನ್ನೆಷ್ಟು ಜನ ಬಲಿಯಾಗುತ್ತಿದ್ದರೋ. ಆದರೆ ಬರೆದಿಟ್ಟರೆ ಸಾಲದು, ಬರೆದದ್ದನ್ನು ಪೂರ್ವಗ್ರಹ ಇಲ್ಲದೆ ಓದುವವರೂ ಬೇಕು. ಆ ಓದು ತಡವಾಗಿದ್ದಕ್ಕೆ ಒಬ್ಬರ ಐದು ವರ್ಷ ಹೋಯಿತು.

ಇವತ್ತು ನಮ್ಮ ದೇಶದಲ್ಲಿ ಔಷಧಗಳ ಅಡ್ಡಪರಿಣಾಮ ದಾಖಲಿಸಲು 2010ರಿಂದ, ವೈದ್ಯಕೀಯ ಉಪಕರಣಗಳಿಗೆ 2015ರಿಂದ ರಾಷ್ಟ್ರೀಯ ವ್ಯವಸ್ಥೆ ಇದೆ. ಔಷಧದಿಂದ ತೊಂದರೆ ಆಯ್ತು ಅನ್ನಿಸಿದರೆ ಡಾಕ್ಟರೇ ಆಗಬೇಕಿಲ್ಲ, ನಾವೂ 1800-180-3024ಕ್ಕೆ ಫೋನ್ ಮಾಡಿ ತಿಳಿಸಬಹುದು. ಆ ಫಾರಂನಲ್ಲಿ ಬ್ಯಾಚ್ ನಂಬರ್‌ಗೂ ಜಾಗ ಇದೆ. ವರದಿ ಕೊಟ್ಟ ಮಾತ್ರಕ್ಕೆ ವೈದ್ಯರೋ ಕಂಪನಿಯೋ ತಪ್ಪು ಮಾಡಿದ್ದಾರೆ ಅಂತ ಅರ್ಥ ಅಲ್ಲ ಅಂತಲೂ ಅದರಲ್ಲೇ ಬರೆದಿದೆ. ಮೊದಲು ಹೇಗೆ, ಆಮೇಲೆ ಯಾರು.

ನಮ್ಮಲ್ಲಿ ಕೆಲವರು ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಇಸಿಜಿ, ಪಲ್ಸ್ ಆಕ್ಸಿಮೀಟರ್ ಅಂತ ಮಾಡುತ್ತಾ ಇರ್ತೀವಿ. ಯಾವ ಬೋರ್ಡ್, ಯಾವ ಸೆನ್ಸರ್, ಕೋಡ್‌ನ ಯಾವ ವರ್ಷನ್ ಅಂತ ಬರೆದಿಡೋಣ. ಚಿಮಟ ಕೆಳಗೆ ಬಿದ್ದಿದ್ದನ್ನೂ ಬರೆದಿಡೋಣ.