ದೀಕ್ಷಾಸ್ನಾನ ಪಡೆದವರನ್ನು ಹುಡುಕಿ ಬಂದ ಸಂತ ಜೋಸೆಫ್ ವಾಜ್

ನಮ್ಮ ಕುಟುಂಬಗಳಲ್ಲಿ ದೀಕ್ಷಾಸ್ನಾನವೆಂದರೆ ಮಗುವಿಗೆ ಹೆಸರಿಡುವ ದಿನ, ನೆಂಟರಿಷ್ಟರು ಸೇರಿ ಊಟ ಮಾಡುವ ದಿನ. ಫೋಟೋ ತೆಗೆಯುವ ಗಡಿಬಿಡಿಯಲ್ಲಿ ಸಂಸ್ಕಾರದ ಚಿಹ್ನೆಗಳತ್ತ ನಮ್ಮ ಗಮನ ಕಡಿಮೆಯೇ. ನೀರು ಪಾಪವನ್ನು ತೊಳೆಯುತ್ತದೆ. ಹಳೆಯ ಬದುಕು ಕ್ರಿಸ್ತರೊಡನೆ ಸಮಾಧಿಯಾಗಿ ಹೊಸ ಬದುಕು ಏಳುತ್ತದೆ. ಅಭಿಷೇಕ ತೈಲವು ಮಗು ಕ್ರಿಸ್ತರಿಗೆ ಸೇರಿದ್ದೆಂಬ ಮುದ್ರೆ. ಬಿಳಿ ಬಟ್ಟೆ ಕ್ರಿಸ್ತರನ್ನೇ ಧರಿಸಿಕೊಂಡ ಗುರುತು. ಪಾಸ್ಖ ಮೇಣದ ಬತ್ತಿಯಿಂದ ಹೊತ್ತಿಸಿದ ದೀಪವನ್ನು ಮಗುವಿನ ಪರವಾಗಿ ಮನೆಯವರ ಕೈಗೆ ಕೊಡುತ್ತಾರೆ. ಆ ದೀಪ ಆರದಂತೆ ನೋಡಿಕೊಳ್ಳುವವರೇ ಇಲ್ಲದಿದ್ದರೆ?

ನಮ್ಮ ಕರಾವಳಿಗೆ ಒಮ್ಮೆ ಇದೇ ಸ್ಥಿತಿ ಬಂದಿತ್ತು. 1650ರ ದಶಕದಲ್ಲಿ ಹೊನ್ನಾವರ, ಬಸ್ರೂರು, ಮಂಗಳೂರಿನ ಪೋರ್ಚುಗೀಸ್ ಕೋಟೆಗಳು ಕೆಳದಿಯವರ ವಶವಾದ ಬಳಿಕ ಗುರುಗಳ ಕೊರತೆ ಬಿಗಡಾಯಿಸಿತು. ದೀಕ್ಷಾಸ್ನಾನ ಪಡೆದ ಎಷ್ಟೋ ಜನರಿಗೆ ಬಲಿಪೂಜೆಯೂ ಪಾಪನಿವೇದನೆಯೂ ದೂರವಾದವು.

ಅವರನ್ನು ಹುಡುಕಿ ಬಂದವರೇ ಜೋಸೆಫ್ ವಾಜ್. 1651ರ ಏಪ್ರಿಲ್ 21ರಂದು ಗೋವೆಯ ಬಾಣಾವಲಿಯಲ್ಲಿ ಹುಟ್ಟಿದ ಇವರಿಗೆ ಎಂಟನೆಯ ದಿನ ಅಲ್ಲಿನ ಸ್ನಾನಿಕ ಅರುಳಪ್ಪನವರ ದೇವಾಲಯದಲ್ಲೇ ದೀಕ್ಷಾಸ್ನಾನವಾಯಿತು. 1676ರಲ್ಲಿ ಗುರುದೀಕ್ಷೆ ಪಡೆದು, 1681ರಲ್ಲಿ ಗೋವೆಯ ಧರ್ಮಾಧಿಕಾರಿಗಳ ಪ್ರತಿನಿಧಿಯಾಗಿ ಕೆನರಾಕ್ಕೆ ಬಂದರು. ಆಗ ಆಳುತ್ತಿದ್ದವರು ಕೆಳದಿಯ ರಾಣಿ ಚೆನ್ನಮ್ಮ (ಕಿತ್ತೂರಿನ ಚೆನ್ನಮ್ಮನಲ್ಲ, ಅವರಿಗಿಂತ ಸುಮಾರು ನೂರೈವತ್ತು ವರ್ಷ ಹಿಂದಿನವರು).

ಇಲ್ಲಿ ಅವರನ್ನು ಎದುರುಗೊಂಡದ್ದು ಧರ್ಮಸಭೆಯೊಳಗಿನ ಜಗಳವೇ. ರೋಮಿನಿಂದ ನೇಮಕಗೊಂಡ ಬಿಷಪ್ ಥಾಮಸ್ ಡಿ ಕ್ಯಾಸ್ಟ್ರೊ ಮಂಗಳೂರಿನಲ್ಲಿದ್ದರು. ಗೋವೆ ಅವರನ್ನು ಒಪ್ಪುತ್ತಿರಲಿಲ್ಲ. ಒಂದು ಪಕ್ಷದ ಗುರುಗಳು ಕೊಟ್ಟ ಸಂಸ್ಕಾರ ಸಿಂಧುವಲ್ಲವೆಂದು ಇನ್ನೊಂದು ಪಕ್ಷ ಹೇಳಿದರೆ ಪಾಪದ ಜನ ಯಾರನ್ನು ನಂಬಬೇಕು? ವಾಜ್ ಸ್ವಾಮಿಗಳು ಬಿಷಪರನ್ನು ಕಂಡು ವಿನಯದಿಂದ ಮಾತನಾಡಿ ಹೊಂದಾಣಿಕೆಗೆ ಬಂದರು. ಅವರ ಪವಾಡಗಳಿಗಿಂತ ಈ ತಾಳ್ಮೆಯೇ ನಮಗೆ ದೊಡ್ಡದಾಗಿ ಕಾಣುತ್ತದೆ.

ಮೂರು ವರ್ಷ ಬರಿಗಾಲಲ್ಲಿ ನಡೆದರು. ಹೊನ್ನಾವರ, ಬಸ್ರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ದೇವಾಲಯಗಳನ್ನು ಕಟ್ಟಿಸಿದರು, ದುರಸ್ತಿ ಮಾಡಿಸಿದರು. ಶಾಲೆ ತೆರೆದರು, ಗುಲಾಮರಾಗಿದ್ದ ಕ್ರೈಸ್ತರನ್ನು ಹಣ ಕೊಟ್ಟು ಬಿಡಿಸಿದರು. ಮುಡಿಪು ಗುಡ್ಡದಲ್ಲಿ ಅವರು ಮೊಣಕಾಲೂರಿ ಪ್ರಾರ್ಥಿಸಿದಲ್ಲಿ ನೀರಿನ ಸೆಲೆ ಚಿಮ್ಮಿತೆಂಬ ಪ್ರತೀತಿಯಿದೆ. ಅಲ್ಲಿಗೆ ಇಂದಿಗೂ ಭಕ್ತರು ಹೋಗುತ್ತಾರೆ.

1684ರಲ್ಲಿ ಗೋವೆಗೆ ಮರಳಿದ ಅವರಿಗೆ ಸಿಲೋನಿನ ಚಿಂತೆ ಕಾಡಿತು. ಅಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. 1687ರಲ್ಲಿ ಬಡ ಕೂಲಿಯ ವೇಷದಲ್ಲಿ ಜಾಫ್ನಾ ತಲುಪಿ, ಕಾಯಿಲೆಯಿಂದ ಬಳಲಿದರೂ ಕತ್ತಲಲ್ಲಿ ಮನೆಮನೆಗೆ ಹೋಗಿ ಸಂಸ್ಕಾರಗಳನ್ನು ನೀಡಿದರು. 1692ರಲ್ಲಿ ಕ್ಯಾಂಡಿಯಲ್ಲಿ ಬೇಹುಗಾರನೆಂಬ ಗುಮಾನಿಯಿಂದ ಸೆರೆಯಾದರು. ಬರಗಾಲದಲ್ಲಿ ಅವರ ಪ್ರಾರ್ಥನೆಗೆ ಮಳೆ ಬಂದಿತೆಂದೂ ಆ ಬಳಿಕ ರಾಜನು ಧರ್ಮಪ್ರಚಾರಕ್ಕೆ ಅನುಮತಿಯಿತ್ತನೆಂದೂ ಹೇಳುತ್ತಾರೆ. 1697ರ ಸಿಡುಬಿನ ಕಾಲದಲ್ಲಿ ಊರವರೇ ಬಿಟ್ಟೋಡಿದ ರೋಗಿಗಳ ಆರೈಕೆ ಮಾಡಿದರು.

1711ರ ಜನವರಿ 16ರಂದು ಕ್ಯಾಂಡಿಯಲ್ಲೇ ಪ್ರಭುವಿನಲ್ಲಿ ನಿದ್ರೆ ಹೋದರು. ಪೋಪ್ ದ್ವಿತೀಯ ಜಾನ್ ಪೌಲರು 1995ರಲ್ಲಿ ಅವರನ್ನು ಧನ್ಯರೆಂದೂ, ಪೋಪ್ ಫ್ರಾನ್ಸಿಸರು 2015ರ ಜನವರಿ 14ರಂದು ಸಂತರೆಂದೂ ಘೋಷಿಸಿದರು. ಎರಡೂ ಘೋಷಣೆಗಳು ನಡೆದದ್ದು ಕೊಲಂಬೊದಲ್ಲಿ.