ಎಲಿನಾರ್ ರೂಸ್‌ವೆಲ್ಟ್

ಪ್ರತಿವರ್ಷ ಡಿಸೆಂಬರ್ 10ನೆಯ ದಿನವನ್ನು ಲೋಕದ ಬಹುಪಾಲು ರಾಷ್ಟ್ರಗಳು ಮಾನವ ಹಕ್ಕುಗಳ ದಿನವೆಂದು ಆಚರಿಸುತ್ತವೆ. ಅನ್ಯಾಯಕ್ಕೊಳಗಾದವರ ಪರವಾಗಿ ದುಡಿದವರನ್ನು ಗುರುತಿಸಿ ಗೌರವಿಸುವುದಕ್ಕೂ ಕೆಲವು ಸರ್ಕಾರಗಳು ಈ ದಿನವನ್ನೇ ಆರಿಸಿಕೊಂಡಿವೆ. ಫ್ರಾನ್ಸ್ ಗಣರಾಜ್ಯವು 1988ರಲ್ಲಿ ಇಂತಹ ಪ್ರಶಸ್ತಿಯೊಂದನ್ನು ಸ್ಥಾಪಿಸಿತು. ಹತ್ತು ವರ್ಷಗಳ ತರುವಾಯ ಅಮೆರಿಕ ಸಂಯುಕ್ತ ಸಂಸ್ಥಾನವೂ ರಾಷ್ಟ್ರೀಯ ಪ್ರಶಸ್ತಿಯೊಂದನ್ನು ಏರ್ಪಡಿಸಿ, ಅದಕ್ಕೆ ಎಲಿನಾರ್ ರೂಸ್‌ವೆಲ್ಟ್ ಎಂಬ ಮಹಿಳೆಯ ಹೆಸರನ್ನಿಟ್ಟಿತು. ಆಕೆ ಚುನಾವಣೆಗೆ ನಿಂತವರಲ್ಲ, ಕಾಲೇಜಿನ ಮೆಟ್ಟಿಲು ಹತ್ತಿದವರೂ ಅಲ್ಲ. ಆದರೆ ಡಿಸೆಂಬರ್ 10ಕ್ಕೆ ಈಗಿರುವ ಮಹತ್ವ ಬಂದುದು ಬಹುಮಟ್ಟಿಗೆ ಆಕೆಯ ದುಡಿಮೆಯಿಂದ.

ಎಲಿನಾರ್ ಹುಟ್ಟಿದ್ದು 1884ರ ಅಕ್ಟೋಬರ್ 11ರಂದು, ನ್ಯೂಯಾರ್ಕ್ ನಗರದ ಸಿರಿವಂತ ಮನೆತನವೊಂದರಲ್ಲಿ. ಮುಂದೆ ರಾಷ್ಟ್ರಾಧ್ಯಕ್ಷರಾದ ಥಿಯೊಡೋರ್ ರೂಸ್‌ವೆಲ್ಟ್ ಆಕೆಯ ದೊಡ್ಡಪ್ಪ. ಹಣಕ್ಕೆ ಕೊರತೆಯಿರಲಿಲ್ಲ, ಅಕ್ಕರೆಗೆ ಮಾತ್ರ ಬಡತನ. ತಾಯಿ ಹೆಸರಾಂತ ಚೆಲುವೆ. ಮಗಳೋ ಸಾಧಾರಣ ರೂಪಿನ, ಗಂಭೀರ ಮುಖದ, ಮಾತು ಕಡಿಮೆಯ ಹುಡುಗಿ. ತಾಯಿಯೇ ಆಕೆಯನ್ನು ಅಜ್ಜಿಯೆಂದು ಕರೆದು ಹಾಸ್ಯ ಮಾಡುತ್ತಿದ್ದಳಂತೆ. ಮಗುವಿನ ಮನಸ್ಸಿಗೆ ಅದು ಹಾಸ್ಯವಾಗಿ ತೋರಲಿಲ್ಲ. ಎಂಟನೆಯ ವಯಸ್ಸಿನಲ್ಲಿ ತಾಯಿ ಗಂಟಲುಮಾರಿಯಿಂದ ತೀರಿಕೊಂಡಳು. ಮರುವರ್ಷ ಒಬ್ಬ ತಮ್ಮ ಸತ್ತನು. 1894ರಲ್ಲಿ, ಮಗಳನ್ನು ಪ್ರಾಣದಂತೆ ಪ್ರೀತಿಸುತ್ತಿದ್ದ ತಂದೆಯೂ ಕುಡಿತದ ಚಟಕ್ಕೆ ಬಲಿಯಾದನು. ಹತ್ತು ತುಂಬುವ ಮೊದಲೇ ತಬ್ಬಲಿಯಾದ ಹುಡುಗಿ ತಾಯಿಯ ತಾಯಿಯ ಕಟ್ಟುನಿಟ್ಟಿನ ಮನೆಯಲ್ಲಿ ಬೆಳೆದಳು. ಕತ್ತಲೆಯೆಂದರೆ ಭಯ, ಹೊಸಬರೆಂದರೆ ಭಯ, ತಪ್ಪು ಮಾಡಿಯೇನೆಂಬ ಭಯ.

ಹದಿನೈದನೆಯ ವಯಸ್ಸಿಗೆ ಅಜ್ಜಿ ಆಕೆಯನ್ನು ಇಂಗ್ಲೆಂಡಿಗೆ ಕಳುಹಿಸಿದುದೇ ಒಂದು ಭಾಗ್ಯ. ಲಂಡನ್ನಿನ ಸಮೀಪದ ಆಲನ್ಸ್‌ವುಡ್ ಶಾಲೆಯ ಮುಖ್ಯೋಪಾಧ್ಯಾಯಿನಿ ಮೇರಿ ಸೂವೆಸ್ತ್ರ್ ಎಂಬ ಫ್ರೆಂಚ್ ಮಹಿಳೆ. ತಾನು ಹೇಳಿದ್ದನ್ನು ಹಾಗೆಯೇ ಒಪ್ಪಿಸುವ ವಿದ್ಯಾರ್ಥಿನಿಯರನ್ನು ಆಕೆ ಮೆಚ್ಚುತ್ತಿರಲಿಲ್ಲ; ಸ್ವಂತ ಬುದ್ಧಿಯಿಂದ ಯೋಚಿಸಿ ಬರೆದವರಿಗೇ ಅಲ್ಲಿ ಮನ್ನಣೆ. ಮೂರು ವರ್ಷಗಳ ಆ ಶಿಕ್ಷಣದಿಂದ ಎಲಿನಾರ್‌ಗೆ ತನ್ನ ತಲೆಯ ಮೇಲೆ ತನಗೇ ವಿಶ್ವಾಸ ಮೂಡಿತು. 1902ರಲ್ಲಿ ನ್ಯೂಯಾರ್ಕಿಗೆ ಮರಳಿದ ಮೇಲೆ, ಸಿರಿವಂತರ ಮನೆಯ ಹೆಣ್ಣುಮಕ್ಕಳು ನೃತ್ಯಕೂಟಗಳಲ್ಲಿ ಕಾಲ ಕಳೆಯುತ್ತಿದ್ದ ವಯಸ್ಸಿನಲ್ಲಿ, ಆಕೆ ವಲಸೆ ಬಂದ ಬಡವರು ಕಿಕ್ಕಿರಿದು ವಾಸಿಸುತ್ತಿದ್ದ ಕೇರಿಗೆ ಹೋಗಿ ಮಕ್ಕಳಿಗೆ ಪಾಠ ಹೇಳತೊಡಗಿದರು. ಒಮ್ಮೆ ಕಾಯಿಲೆ ಬಿದ್ದ ಹುಡುಗಿಯೊಬ್ಬಳನ್ನು ಮನೆಗೆ ಮುಟ್ಟಿಸಬೇಕಾಯಿತು. ಜೊತೆಗೆ ಬಂದ ದೂರದ ಬಂಧು ಫ್ರಾಂಕ್ಲಿನ್ ರೂಸ್‌ವೆಲ್ಟ್, ಮನುಷ್ಯರು ಅಂತಹ ಕತ್ತಲೆ ಕೊಠಡಿಗಳಲ್ಲಿ ಬಾಳುತ್ತಾರೆಂಬುದನ್ನು ಕಂಡು ಬೆರಗಾದನಂತೆ. 1905ರ ಮಾರ್ಚ್ 17ರಂದು ಅವರಿಬ್ಬರ ವಿವಾಹವಾಯಿತು. ಹುಟ್ಟಿದ ಆರು ಮಕ್ಕಳಲ್ಲಿ ಒಂದು ಶಿಶುವಾಗಿದ್ದಾಗಲೇ ತೀರಿಕೊಂಡಿತು.

1921ರಲ್ಲಿ ಫ್ರಾಂಕ್ಲಿನ್‌ಗೆ ಪೋಲಿಯೋ ತಗುಲಿ ಎರಡು ಕಾಲುಗಳೂ ಸ್ವಾಧೀನ ತಪ್ಪಿದವು. ಮಗನು ರಾಜಕೀಯವನ್ನು ಬಿಟ್ಟು ಊರಿನ ಮನೆಯಲ್ಲಿ ವಿಶ್ರಾಂತಿಯಿಂದಿರಲಿ ಎಂಬುದು ಅತ್ತೆಯ ಇಚ್ಛೆ. ಎಂದೂ ಅತ್ತೆಗೆ ಎದುರಾಡದ ಎಲಿನಾರ್ ಈ ವಿಷಯದಲ್ಲಿ ಮಣಿಯಲಿಲ್ಲ. ಗಂಡನ ಹೆಸರು ಜನರ ನೆನಪಿನಿಂದ ಅಳಿಯದಿರಲೆಂದು ತಾವೇ ಸಭೆಗಳಿಗೆ ಹೋದರು. ಮೊದಮೊದಲು ವೇದಿಕೆ ಹತ್ತಿದರೆ ಕೈ ನಡುಗುತ್ತಿತ್ತು. ನಗುವ ಸಂದರ್ಭವಿಲ್ಲದ ಕಡೆಯೂ ಅಳುಕಿನಿಂದ ನಗು ಬರುತ್ತಿತ್ತು. ಗಂಡನ ಆಪ್ತ ಸಲಹೆಗಾರನಾಗಿದ್ದ ಲೂಯಿ ಹೌ ಎಂಬ ಪತ್ರಕರ್ತ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ, ಆಮೇಲೆ ತಪ್ಪುಗಳನ್ನು ಒಂದೊಂದಾಗಿ ತಿದ್ದುತ್ತಿದ್ದನು. ಮುಂದೆ ಲೋಕವೆಲ್ಲ ಕಿವಿಗೊಟ್ಟ ಕಂಠ ಪಳಗಿದ್ದು ಹೀಗೆ.

ಫ್ರಾಂಕ್ಲಿನ್ ರೂಸ್‌ವೆಲ್ಟ್ 1933ರಲ್ಲಿ ರಾಷ್ಟ್ರಾಧ್ಯಕ್ಷರಾದರು. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಕಾಲಿಲ್ಲದ ಗಂಡನಿಗೆ ಕಾಲಾಗಿ, ಕಣ್ಣಾಗಿ ಎಲಿನಾರ್ ದೇಶವನ್ನೆಲ್ಲ ಸುತ್ತಿ, ಗಣಿ ಕೂಲಿಗಾರರ ಗುಡಿಸಲುಗಳಲ್ಲಿಯೂ ಗಂಜಿಕೇಂದ್ರಗಳಲ್ಲಿಯೂ ಕಂಡದ್ದನ್ನು ಬಂದು ಹೇಳುತ್ತಿದ್ದರು. 1935ರ ಕೊನೆಯಿಂದ ವಾರಕ್ಕೆ ಆರು ದಿನ ಪತ್ರಿಕೆಗಳಿಗೆ ಅಂಕಣ ಬರೆಯತೊಡಗಿದರು. ಸಾಯುವ ವರ್ಷದವರೆಗೂ ಅದು ನಡೆಯಿತು. ತಮ್ಮ ಪತ್ರಿಕಾಗೋಷ್ಠಿಗಳಿಗೆ ಮಹಿಳಾ ವರದಿಗಾರರಿಗೆ ಮಾತ್ರ ಪ್ರವೇಶವೆಂದು ಗೊತ್ತುಮಾಡಿದ್ದರಿಂದ ಪತ್ರಿಕೆಗಳು ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಳ್ಳಲೇಬೇಕಾಯಿತು. ಇದೊಂದು ಜಾಣ್ಮೆಯ ಉಪಾಯವೇ ಸರಿ.

ಆ ಕಾಲದ ಎರಡು ಪ್ರಸಂಗಗಳನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಆಗ ಬಿಳಿಯರಿಗೂ ಕಪ್ಪು ಜನರಿಗೂ ಶಾಲೆ ಬೇರೆ, ರೈಲುಡಬ್ಬಿ ಬೇರೆ, ಕುಡಿಯುವ ನೀರಿನ ನಲ್ಲಿಯೂ ಬೇರೆ. ಕೆರೆಬಾವಿಗಳ ಬಳಿ ಅಸ್ಪೃಶ್ಯತೆಯನ್ನು ಕಂಡ ನಮ್ಮ ನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 1938ರ ನವೆಂಬರಿನಲ್ಲಿ ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ದಕ್ಷಿಣದ ಜನಹಿತಕ್ಕಾಗಿ ಒಂದು ಸಮ್ಮೇಳನ ಸೇರಿತು. ಎರಡೂ ಜನಾಂಗದವರು ಅದರಲ್ಲಿ ಕಲೆತಿದ್ದರು. ನಗರದ ಪೊಲೀಸರು ಬಂದು ಬಿಳಿಯರು ಒಂದು ಕಡೆ, ಕಪ್ಪು ಜನರು ಇನ್ನೊಂದು ಕಡೆ ಕುಳಿತುಕೊಳ್ಳಬೇಕೆಂದು ಆಜ್ಞೆ ಮಾಡಿದರು. ಎಲಿನಾರ್ ಕಪ್ಪು ಜನರ ಸಾಲಿನಲ್ಲಿ, ತಮ್ಮ ಗೆಳತಿ ಶಿಕ್ಷಣತಜ್ಞೆ ಮೇರಿ ಮೆಕ್‌ಲಿಯಡ್ ಬೆಥೂನ್ ಅವರ ಹತ್ತಿರ ಕುಳಿತರು. ಅಲ್ಲಿಂದ ಏಳಬೇಕೆಂದು ಪೊಲೀಸರು ಹೇಳಿದಾಗ ಅವರು ವಾದಕ್ಕೆ ಇಳಿಯಲಿಲ್ಲ. ಒಂದು ಕುರ್ಚಿಯನ್ನು ತರಿಸಿ, ಎರಡು ಗುಂಪುಗಳ ನಡುವಣ ದಾರಿಯಲ್ಲಿ ಹಾಕಿಸಿಕೊಂಡು ಕುಳಿತರು. ಆ ಕುರ್ಚಿ ಕಾನೂನಿನ ಯಾವ ಕಡೆಗೆ ಸೇರಿತೆಂಬುದನ್ನು ನಿರ್ಣಯಿಸುವುದು ಯಾರಿಗೂ ಸಾಧ್ಯವಾಗಲಿಲ್ಲ.

ಮರುವರ್ಷ ಹೆಸರಾಂತ ಗಾಯಕಿ ಮರಿಯನ್ ಆಂಡರ್ಸನ್ ಅವರಿಗೆ, ಕಪ್ಪು ಜನಾಂಗದವರೆಂಬ ಕಾರಣದಿಂದ, ರಾಜಧಾನಿ ವಾಷಿಂಗ್‌ಟನ್ನಿನ ದೊಡ್ಡ ಸಭಾಂಗಣವನ್ನು ಕೊಡಲು ಅದರ ಒಡೆತನದ ಮಹಿಳಾಸಂಘ ನಿರಾಕರಿಸಿತು. ಎಲಿನಾರ್ ಸ್ವತಃ ಆ ಸಂಘದ ಸದಸ್ಯೆ. ಅವರು ಕೂಡಲೇ ರಾಜೀನಾಮೆಯಿತ್ತು ತಮ್ಮ ಅಂಕಣದಲ್ಲಿ ಆ ಸಂಗತಿಯನ್ನು ತಿಳಿಸಿದರು. ದೇಶದಲ್ಲೆಲ್ಲ ಚರ್ಚೆಯೆದ್ದಿತು. ಕೊನೆಗೆ 1939ರ ಏಪ್ರಿಲ್ 9ರಂದು ಲಿಂಕನ್ ಸ್ಮಾರಕದ ಮೆಟ್ಟಿಲುಗಳ ಮೇಲೆ ಬಯಲಿನಲ್ಲಿಯೇ ಆಂಡರ್ಸನ್ ಹಾಡಿದರು. ಸುಮಾರು 75,000 ಜನ ಕೇಳಿದರು. ಅದೇ ಜುಲೈ ತಿಂಗಳಲ್ಲಿ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ರಾಷ್ಟ್ರೀಯ ಸಂಘವು ಆ ಗಾಯಕಿಗೆ ತನ್ನ ಸ್ಪಿಂಗಾರ್ನ್ ಪದಕವನ್ನು ನೀಡಿದಾಗ, ಅದನ್ನು ಕೈಯಾರೆ ಅರ್ಪಿಸಿದವರು ಎಲಿನಾರ್.

1945ರ ಏಪ್ರಿಲ್ 12ರಂದು ಪತಿ ನಿಧನರಾದರು. ತಮ್ಮ ಸಾರ್ವಜನಿಕ ಜೀವನ ಮುಗಿಯಿತೆಂದು ಎಲಿನಾರ್ ಭಾವಿಸಿದರು. ಆದರೆ ಹೊಸ ಅಧ್ಯಕ್ಷ ಟ್ರೂಮನ್, ಆಗತಾನೇ ಹುಟ್ಟಿದ್ದ ವಿಶ್ವಸಂಸ್ಥೆಯ ಮೊದಲ ಅಧಿವೇಶನಕ್ಕೆ ಅವರನ್ನು ಪ್ರತಿನಿಧಿಯಾಗಿ ನೇಮಿಸಿದರು. ನಿಯೋಗದ ಹಿರಿಯ ರಾಜಕಾರಣಿಗಳಿಗೆ ಇದು ರುಚಿಸಲಿಲ್ಲ. ಸಾಮಾಜಿಕ ವಿಷಯಗಳ ಮೂರನೆಯ ಸಮಿತಿಗೆ ಹಾಕಿದರೆ ಈಕೆಯಿಂದ ತೊಂದರೆಯಾಗದೆಂದು ಅವರು ಲೆಕ್ಕಹಾಕಿದರು. 1946ರ ಆರಂಭದಲ್ಲಿ ಲಂಡನ್ನಿನಲ್ಲಿ ಆ ಸಮಿತಿಯ ಮುಂದೆಯೇ ಅತ್ಯಂತ ಬಿಸಿಯಾದ ಪ್ರಶ್ನೆ ಬಂದಿತು. ಯುದ್ಧದಲ್ಲಿ ನೆಲೆ ಕಳೆದುಕೊಂಡ ನಿರಾಶ್ರಿತರನ್ನು ಅವರ ಇಚ್ಛೆಗೆ ವಿರುದ್ಧವಾಗಿಯಾದರೂ ಸ್ವದೇಶಕ್ಕೆ ಹಿಂದಿರುಗಿಸಬೇಕೆ? ಹಿಂದಿರುಗಿಸಬೇಕೆಂದು ವಾದಿಸಿದವರು ಸೋವಿಯತ್ ಒಕ್ಕೂಟದ ವಿಶಿನ್‌ಸ್ಕಿ, ವಾಗ್ವಾದದಲ್ಲಿ ಪಳಗಿದ ನ್ಯಾಯವಾದಿ. ಅವರಿಗೆ ಎದುರಾಗಿ ಎಲಿನಾರ್ ಬರೆದ ಭಾಷಣವಿಲ್ಲದೆ ಮಾತಾಡಿದರು. ಮತದಾನದಲ್ಲಿ ಅವರ ಪಕ್ಷವೇ ಗೆದ್ದಿತು.

ವಿಶ್ವಸಂಸ್ಥೆಯು ಮಾನವ ಹಕ್ಕುಗಳ ಆಯೋಗವನ್ನು ರಚಿಸಿದಾಗ ಅದರ ಅಧ್ಯಕ್ಷತೆ ಅವರಿಗೇ ಬಂದಿತು. ಹದಿನೆಂಟು ರಾಷ್ಟ್ರಗಳ ಪ್ರತಿನಿಧಿಗಳು 1947ರ ಜನವರಿಯಲ್ಲಿ, ನ್ಯೂಯಾರ್ಕಿನ ಹೊರವಲಯದ ಲೇಕ್ ಸಕ್ಸೆಸ್‌ನಲ್ಲಿ ಸೇರಿದರು. ಯುದ್ಧಕಾಲದಲ್ಲಿ ಉಪಕರಣಗಳನ್ನು ತಯಾರಿಸುತ್ತಿದ್ದ ಕಾರ್ಖಾನೆಯೊಂದು ಆಗ ವಿಶ್ವಸಂಸ್ಥೆಯ ತಾತ್ಕಾಲಿಕ ನೆಲೆಯಾಗಿತ್ತು. ಮನುಷ್ಯನಾಗಿ ಹುಟ್ಟಿದವನಿಗೆಲ್ಲ ಸಲ್ಲಬೇಕಾದ ಹಕ್ಕುಗಳು ಯಾವುವು? ಚೀನದ ಪಿ. ಸಿ. ಚಾಂಗ್ ಕನ್‌ಫ್ಯೂಷಿಯಸನ ಮಾರ್ಗದವರು. ಲೆಬನಾನಿನ ಚಾರ್ಲ್ಸ್ ಮಲಿಕ್ ಕ್ರೈಸ್ತ ತತ್ತ್ವಶಾಸ್ತ್ರವನ್ನು ಆಶ್ರಯಿಸಿದವರು. ಎಲಿನಾರ್ ಅವರಿಬ್ಬರನ್ನೂ ಕೆನಡದ ಜಾನ್ ಹಂಫ್ರಿಯವರನ್ನೂ ಮನೆಗೆ ಚಹಾಕ್ಕೆ ಕರೆದರು. ಅತಿಥಿಗಳ ತತ್ತ್ವಚರ್ಚೆ ಆತಿಥೇಯಳ ತಲೆಯ ಮೇಲೆ ಹಾರಿಹೋಯಿತು. ಅವರು ಸುಮ್ಮನೆ ಚಹಾ ಬಡಿಸುತ್ತ ಕುಳಿತರಂತೆ. ಹಂಫ್ರಿ ಮೊದಲ ಕರಡನ್ನು ಸಿದ್ಧಪಡಿಸಿದರು. ಫ್ರಾನ್ಸಿನ ರೆನೆ ಕಾಸಾಂ ಅದನ್ನು ಪರಿಷ್ಕರಿಸಿದರು. ಅಧ್ಯಕ್ಷೆ ದೀರ್ಘಕಾಲ ಸಭೆ ನಡೆಸುತ್ತಿದ್ದ ರೀತಿಗೆ ಬೇಸತ್ತ ಪ್ರತಿನಿಧಿಯೊಬ್ಬರು, ಪ್ರತಿನಿಧಿಗಳಿಗೂ ಮಾನವ ಹಕ್ಕುಗಳಿವೆಯೆಂದು ನೆನಪು ಮಾಡಬೇಕಾಯಿತು.

ಆಯೋಗದಲ್ಲಿ ಭಾರತದ ಪ್ರತಿನಿಧಿಯಾಗಿದ್ದವರು ಹಂಸಾ ಮೆಹತಾ. 1947ರ ಆಗಸ್ಟ್ 14ರ ನಡುರಾತ್ರಿಯ ಅಧಿವೇಶನದಲ್ಲಿ ಭಾರತದ ಸ್ತ್ರೀಯರ ಪರವಾಗಿ ಸಂವಿಧಾನ ಸಭೆಗೆ ರಾಷ್ಟ್ರಧ್ವಜವನ್ನು ಅರ್ಪಿಸಿದವರು ಇವರೇ. ಘೋಷಣೆಯ ಮೊದಲ ವಿಧಿಯಲ್ಲಿ ಎಲ್ಲ ಮಾನವರು ಎಂಬ ಅರ್ಥಕ್ಕೆ ಬಳಸಿದ್ದ ಇಂಗ್ಲಿಷ್ ಶಬ್ದಕ್ಕೆ ಪುರುಷರು ಎಂಬ ಅರ್ಥವೂ ಇತ್ತು. ಆ ಶಬ್ದದಲ್ಲಿ ಸ್ತ್ರೀಯರೂ ಅಡಕವಾಗಿದ್ದಾರೆಂಬುದು ಎಲಿನಾರ್ ಅವರ ಮತ. ಹಂಸಾ ಮೆಹತಾ ಒಪ್ಪಲಿಲ್ಲ. ಅದನ್ನೇ ನೆಪಮಾಡಿಕೊಂಡು ಸ್ತ್ರೀಯರನ್ನು ಹೊರಗಿಡುವ ದೇಶಗಳು ಇದ್ದೇ ಇರುತ್ತವೆಂದು ವಾದಿಸಿ, ಸ್ತ್ರೀಪುರುಷರಿಬ್ಬರನ್ನೂ ಸ್ಪಷ್ಟವಾಗಿ ಒಳಗೊಳ್ಳುವ ಶಬ್ದ ಬರುವಂತೆ ಮಾಡಿದರು. ಲೋಕದ ಹೆಂಗಸರಿಗೆ ದೊಡ್ಡ ದಾರಿದೀಪವೆನಿಸಿದ ಎಲಿನಾರ್ ಅವರನ್ನೇ ಭಾರತೀಯ ಮಹಿಳೆಯೊಬ್ಬರು ಹೀಗೆ ತಿದ್ದಿದರು.

ಇನ್ನೊಂದು ಸಂಗತಿಯನ್ನು ಮರೆಮಾಚಬಾರದು. ಅದೇ 1947ರಲ್ಲಿ, ಸ್ವಂತ ನೆಲದಲ್ಲಿ ತಮಗಾಗುತ್ತಿರುವ ಅನ್ಯಾಯವನ್ನು ವಿವರಿಸಿ ಅಮೆರಿಕದ ಕಪ್ಪು ಜನರು, ವಿದ್ವಾಂಸ ದು ಬೋಯ್ಸ್ ಅವರ ಮುಂದಾಳುತನದಲ್ಲಿ, ವಿಶ್ವಸಂಸ್ಥೆಗೆ ಒಂದು ಮನವಿ ಸಲ್ಲಿಸಿದರು. ಸಲ್ಲಿಸಿದ ಸಂಘ ಆಂಡರ್ಸನ್ ಅವರಿಗೆ ಪದಕವಿತ್ತ ಸಂಘವೇ. ಎಲಿನಾರ್ ಅದರ ಆಡಳಿತ ಮಂಡಲಿಯ ಸದಸ್ಯರು. ಸೋವಿಯತ್ ಒಕ್ಕೂಟ ಆ ಮನವಿಯನ್ನು ಅಮೆರಿಕದ ವಿರುದ್ಧ ಬಳಸಿಕೊಳ್ಳತೊಡಗಿದಾಗ, ತಮ್ಮ ಸರ್ಕಾರದ ಪ್ರತಿನಿಧಿಯಾಗಿದ್ದ ಎಲಿನಾರ್ ಅದಕ್ಕೆ ಬೆಂಬಲ ನೀಡಲಿಲ್ಲ. ಮನವಿ ಮೂಲೆಗೆ ಬಿದ್ದಿತು. ಬರ್ಮಿಂಗ್‌ಹ್ಯಾಮಿನಲ್ಲಿ ಅವರು ಬಿಡಿ ವ್ಯಕ್ತಿಯಾಗಿ ಕುಳಿತಿದ್ದರು; ಇಲ್ಲಿ ಸರ್ಕಾರದ ಆಸನದಲ್ಲಿ ಕುಳಿತಿದ್ದರು. ಈ ವ್ಯತ್ಯಾಸದಿಂದ ಅವರ ನಡತೆ ಅರ್ಥವಾಗುತ್ತದೆ, ಆದರೆ ಮನವಿ ಸಲ್ಲಿಸಿದವರ ನೋವು ಅದರಿಂದ ಕಡಿಮೆಯಾಗುವುದಿಲ್ಲ.

1948ರ ಶರತ್ಕಾಲದಲ್ಲಿ ಕರಡು ಪ್ಯಾರಿಸ್ಸಿನಲ್ಲಿ ಸೇರಿದ್ದ ಮಹಾಸಭೆಯ ಮುಂದೆ ಬಂದಿತು. ಮೂರನೆಯ ಸಮಿತಿ ಎಂಬತ್ತಕ್ಕೂ ಹೆಚ್ಚು ಬಾರಿ ಸೇರಿ ಒಂದೊಂದು ಪದವನ್ನೂ ಸೋಸಿತು. ಡಿಸೆಂಬರ್ 10ರ ರಾತ್ರಿ ಮತ ಹಾಕಿದಾಗ 48 ರಾಷ್ಟ್ರಗಳು ಪರವಾಗಿದ್ದವು. ವಿರೋಧಿಸಿದ ರಾಷ್ಟ್ರ ಒಂದೂ ಇರಲಿಲ್ಲ. ವರ್ಣಭೇದದ ದಕ್ಷಿಣ ಆಫ್ರಿಕ, ಸೌದಿ ಅರೇಬಿಯ, ಸೋವಿಯತ್ ಒಕ್ಕೂಟ ಮತ್ತು ಅದರ ಜೊತೆಯ ಕೆಲವು, ಒಟ್ಟು ಎಂಟು ರಾಷ್ಟ್ರಗಳು ತಟಸ್ಥವಾಗಿ ಉಳಿದವು. ಮೂವತ್ತು ವಿಧಿಗಳ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಅಂಗೀಕೃತವಾಯಿತು. ಅದಕ್ಕೆ ಕಾನೂನಿನ ಬಲವಿರಲಿಲ್ಲ. ಆದರೂ ಸಭೆ ಎದ್ದುನಿಂತು ಕರತಾಡನದಿಂದ ಎಲಿನಾರ್ ಅವರನ್ನು ಗೌರವಿಸಿತು.

1952ರಲ್ಲಿ ಅವರು ಭಾರತದಲ್ಲಿ ಪ್ರವಾಸ ಮಾಡಿ, ಮರುವರ್ಷ ಆ ಅನುಭವಗಳನ್ನು ಪುಸ್ತಕವಾಗಿ ಪ್ರಕಟಿಸಿದರು. 1953ರಲ್ಲಿ ಸರ್ಕಾರ ಬದಲಾಗಿ ವಿಶ್ವಸಂಸ್ಥೆಯ ಪದವಿ ಹೋದಾಗ, ಅದರ ಪರವಾಗಿ ಜನಾಭಿಪ್ರಾಯ ಮೂಡಿಸುತ್ತಿದ್ದ ಸಂಘವೊಂದರ ಕಚೇರಿಗೆ ಹೋಗಿ ಸಂಬಳವಿಲ್ಲದೆ ದುಡಿದರು. 1962ರ ಮೇ ತಿಂಗಳಲ್ಲಿ, ಎಪ್ಪತ್ತೇಳರ ವಯಸ್ಸಿನಲ್ಲಿ, ದೇಹದಲ್ಲಿ ಕಾಯಿಲೆ ಬೇರೂರಿದ್ದಾಗಲೂ, ವಾಷಿಂಗ್‌ಟನ್ನಿನಲ್ಲಿ ಒಂದು ವಿಚಾರಣಾ ಸಮಿತಿಯ ಅಧ್ಯಕ್ಷತೆ ವಹಿಸಿದರು. ದಕ್ಷಿಣದಲ್ಲಿ ಸಮಾನತೆಗಾಗಿ ಹೋರಾಡಿ ಏಟು ತಿಂದು ಸೆರೆಮನೆ ಕಂಡುಬಂದ ತರುಣರು ತಮ್ಮ ಕಥೆಯನ್ನು ಒಬ್ಬೊಬ್ಬರಾಗಿ ಹೇಳಿದರು. ಆ ಬಾರಿ ಅವರು ಯಾವ ಸರ್ಕಾರದ ಪ್ರತಿನಿಧಿಯೂ ಆಗಿರಲಿಲ್ಲ. ಅದೇ ನವೆಂಬರ್ 7ರಂದು ನ್ಯೂಯಾರ್ಕಿನಲ್ಲಿ ನಿಧನರಾದರು.

1968ರಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಪ್ರಶಸ್ತಿಯನ್ನು ಮೊಟ್ಟಮೊದಲಿಗೆ ನೀಡಿದಾಗ, ಅದನ್ನು ಪಡೆದ ಆರು ಜನರಲ್ಲಿ ಎಲಿನಾರ್ ಅವರ ಹೆಸರೂ ಇದ್ದಿತು. ಅವರ ಸ್ವದೇಶ ತನ್ನ ಪ್ರಶಸ್ತಿಗೆ ಆ ಹೆಸರನ್ನಿಡಲು ಇನ್ನೂ ಮೂವತ್ತು ವರ್ಷ ಬೇಕಾಯಿತು. ಘೋಷಣೆಗೆ ಐವತ್ತು ತುಂಬಿದ 1998ರ ಡಿಸೆಂಬರಿನಲ್ಲಿ ಅಧ್ಯಕ್ಷ ಕ್ಲಿಂಟನ್ ಅದನ್ನು ಮೊದಲ ಬಾರಿಗೆ ಪ್ರದಾನ ಮಾಡಿದರು. ಕೆಲವು ವರ್ಷಗಳಲ್ಲೇ ಅದು ನಿಂತುಹೋಗಿ, 2010ರಲ್ಲಿ ಮತ್ತೆ ಜೀವ ಪಡೆಯಿತು. ಸರ್ಕಾರಗಳ ನೆನಪು ಹಾಗೆಯೇ.

ಮೊದಲ ವರ್ಷ ಅದನ್ನು ಪಡೆದವರಲ್ಲಿ ಜಾನ್ ಲೂಯಿಸ್ ಒಬ್ಬರು. ಅಲಬಾಮದ ಕಪ್ಪು ಗೇಣಿದಾರ ಕುಟುಂಬವೊಂದರಲ್ಲಿ 1940ರಲ್ಲಿ ಹುಟ್ಟಿದವರು. ಸಮಾನತೆಯ ಹೋರಾಟದಲ್ಲಿ ತರುಣನಾಗಿದ್ದಾಗಲೇ ಸೆರೆಮನೆ ಕಂಡವರು. 1965ರ ಮಾರ್ಚ್ 7ರಂದು, ಮತದಾನದ ಹಕ್ಕಿಗಾಗಿ ಅದೇ ರಾಜ್ಯದ ಸೆಲ್ಮ ಪಟ್ಟಣದ ಸೇತುವೆಯ ಮೇಲೆ ನಡೆದುಹೋಗುತ್ತಿದ್ದಾಗ ಪೊಲೀಸರ ಹೊಡೆತದಿಂದ ಅವರ ತಲೆಬುರುಡೆ ಬಿರಿದಿತ್ತು. ಪ್ರಶಸ್ತಿ ಸ್ವೀಕರಿಸುವ ವೇಳೆಗೆ ಅವರು ರಾಷ್ಟ್ರದ ಶಾಸನಸಭೆಯ ಸದಸ್ಯರಾಗಿದ್ದರು. ಬರ್ಮಿಂಗ್‌ಹ್ಯಾಮಿನ ನಡುದಾರಿಯಲ್ಲಿ ಎಲಿನಾರ್ ಕುರ್ಚಿ ಹಾಕಿಸಿಕೊಂಡು ಕುಳಿತು ಆಗ ಅರುವತ್ತು ವರ್ಷಗಳಾಗಿದ್ದವು.